'ಅಂತೆ' ಕಂಡ ಕೂಡಲೇ ಉಪಮೆ ಅನ್ನಬೇಡಿ

ಕನ್ನಡ ಉತ್ತರಪತ್ರಿಕೆ ತಿದ್ದುವವರಿಗೆಲ್ಲ ಇದು ಗೊತ್ತು. ವಾಕ್ಯದಲ್ಲಿ 'ಅಂತೆ', 'ಹಾಗೆ' ಕಂಡರೆ ಸಾಕು, ಮಕ್ಕಳು ಹಿಂದೆ ಮುಂದೆ ನೋಡದೆ ಉಪಮಾಲಂಕಾರ, ಅಂದರೆ ಹೋಲಿಕೆಯ ಅಲಂಕಾರ, ಎಂದು ಬರೆದುಬಿಡುತ್ತಾರೆ. 'ಅವಳು ನಾಳೆ ಬರುತ್ತಾಳಂತೆ' ಎಂಬಲ್ಲಿ ಹೋಲಿಕೆ ಎಲ್ಲಿದೆ? ಅದು ಸುಮ್ನೆ ಯಾರಿಂದಲೋ ಕೇಳಿದ ಸುದ್ದಿ. 'ನೀನು ಹೇಳಿದಂತೆ ಮಾಡಿದೆ' ಎನ್ನುವುದೂ ಉಪಮೆಯಲ್ಲ. 'ತಮ್ಮನೂ ಅಣ್ಣನ ಹಾಗೇ ಎತ್ತರ' ಎಂದರೆ ಹೋಲಿಕೆಯೇನೋ ಇದೆ, ಅಲಂಕಾರ ಇಲ್ಲ. ಅಳತೆಪಟ್ಟಿ ಹಿಡಿದರೂ ಅದು ನಿಜವೇ ಅಲ್ವಾ? ಅದೇ ತಮ್ಮ 'ತೆಂಗಿನಮರದ ಹಾಗೆ ಬೆಳೆದಿದ್ದಾನೆ' ಎಂದಾಗ ಉಪಮೆ ಬಂತು.

ಹಾಗಾಗಿ ಪದ ಹುಡುಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಹೇಳಲು ಹೊರಟಿದ್ದು ಯಾವುದು, ಅದಕ್ಕೆಂದು ಹೊರಗಿನಿಂದ ತಂದದ್ದು ಯಾವುದು? ಮೊದಲನೆಯದು ಉಪಮೇಯ, ಎರಡನೆಯದು ಉಪಮಾನ. ಇವೆರಡೂ ಎಷ್ಟು ಹತ್ತಿರ ಬಂದಿವೆ ಎಂಬುದರ ಮೇಲೆ ಅಲಂಕಾರ ಬದಲಾಗುತ್ತದೆ.

ಬೆಳದಿಂಗಳನ್ನೇ ತೆಗೆದುಕೊಳ್ಳಿ. 'ಬೆಳದಿಂಗಳು ಹಾಲಿನಂತೆ ಬೆಳ್ಳಗಿತ್ತು' ಎಂದರೆ ಎರಡೂ ಬೇರೆ ಬೇರೆಯಾಗಿಯೇ ನಿಂತಿವೆ. ಉಪಮೆ. 'ಬೆಳದಿಂಗಳೆಂಬ ಹಾಲು ಅಂಗಳದಲ್ಲಿ ಚೆಲ್ಲಿತ್ತು' ಎಂದರೆ ಎರಡೂ ಒಂದೇ ಆಗಿಹೋದವು. ರೂಪಕ. 'ಯಾರೋ ಹಾಲು ಚೆಲ್ಲಿದ್ದಾರೋ ಏನೋ ಎಂಬಂತೆ ಬೆಳದಿಂಗಳು ಹರಡಿತ್ತು' ಎಂದರೆ ಉತ್ಪ್ರೇಕ್ಷೆ. ಇಲ್ಲೂ 'ಅಂತೆ' ಇದೆ ನೋಡಿ! ಆದರೆ ಇಲ್ಲಿರುವುದು ಬರೀ ಹೋಲಿಕೆಯಲ್ಲ, ನಡೆಯದ್ದನ್ನು ನಡೆದಿರಬಹುದು ಎಂದು ಊಹಿಸುವ ಕಲ್ಪನೆ. ಮಾತಿನಲ್ಲಿ ನಾವು ಉತ್ಪ್ರೇಕ್ಷೆ ಅನ್ನುವುದು ಇದ್ದದ್ದಕ್ಕಿಂತ ಜಾಸ್ತಿ ಮಾಡಿ ಹೇಳುವುದಕ್ಕೆ. 'ಅವಳ ಕಣ್ಣೀರಿಗೆ ಊರೇ ಮುಳುಗಿತು' ಎಂಬಂಥದ್ದು. ಅಲಂಕಾರಗಳ ಲೆಕ್ಕದಲ್ಲಿ ಅದು ಅತಿಶಯೋಕ್ತಿ. ಅಂಕ ಕೈತಪ್ಪುವುದು ಬಹಳ ಸಲ ಇಲ್ಲೇ.

ದೃಷ್ಟಾಂತ ಅಷ್ಟು ಕಷ್ಟವಲ್ಲ. 'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.' ಎರಡು ವಾಕ್ಯ, ಒಂದರ ಬಿಂಬ ಇನ್ನೊಂದರಲ್ಲಿ. ನಡುವೆ 'ಹೇಗೋ ಹಾಗೆ' ಸೇರಿಸಿದಿರೋ, ಅದು ಉಪಮೆಯ ಕಡೆಗೆ ವಾಲುತ್ತದೆ.

ನಿಜವಾಗಿ ತಲೆ ಕೆಡಿಸುವುದು 'ಮುಖಕಮಲ'ದಂಥ ಸಮಾಸ. ಕಮಲದಂತಹ ಮುಖವೋ, ಮುಖವೇ ಕಮಲವೋ? ಪದ ಒಂದನ್ನೇ ನೋಡುತ್ತ ಕೂತರೆ ತೀರ್ಮಾನ ಆಗುವುದಿಲ್ಲ. ಕ್ರಿಯಾಪದ ನೋಡಿ. 'ಮುಖಕಮಲ ಅರಳಿತು' ಎಂದರೆ ಅರಳುವುದು ಮುಖ್ಯವಾಗಿ ಕಮಲದ ಕೆಲಸ, ಮುಖ ಕಮಲವೇ ಆಗಿದೆ, ರೂಪಕ. 'ಮುಖಕಮಲ ನಕ್ಕಿತು' ಎಂದರೆ ನಗುವುದು ಮುಖ. ಕಮಲ ಬರೀ ಹೋಲಿಕೆಗೆ ಬಂದಿದೆ, ಉಪಮೆ. ಹಳೆಯ ಅಲಂಕಾರ ಶಾಸ್ತ್ರದವರು ಸಂದೇಹ ಬಂದಾಗ ಹಿಡಿದ ದಾರಿಯೂ ಇದೇ.

ವಾಕ್ಯ ಕೊಡದೆ 'ಮುಖಕಮಲ, ಇದು ಯಾವ ಅಲಂಕಾರ?' ಎಂದಷ್ಟೇ ಕೇಳಿದರೆ, ನನ್ನ ಪ್ರಕಾರ ತಪ್ಪು ಪ್ರಶ್ನೆ ತೆಗೆದವರದು. ಅಂಥ ಕಡೆ ಎರಡರಲ್ಲಿ ಯಾವುದು ಬರೆದರೂ ನಾನು ಅಂಕ ಕೊಡುತ್ತೇನೆ.