ಎಟಿಸಿ ಕೆಲಸಕ್ಕೆ ಎಂಥ ಇಂಗ್ಲಿಷ್ ಬೇಕು?

ಕನ್ನಡ ಮಾಧ್ಯಮದಲ್ಲಿ ಓದಿ ಬಿಎಸ್ಸಿಯನ್ನೋ ಬಿಇಯನ್ನೋ ಮುಗಿಸಿದವರು ಏರ್ ಟ್ರಾಫಿಕ್ ಕಂಟ್ರೋಲರ್ (ರೇಡಿಯೊದಲ್ಲಿ ಪೈಲಟ್‌ಗಳಿಗೆ ದಾರಿ, ಎತ್ತರ ಹೇಳುವವರು) ಆಗುವ ಆಸೆಯಿಂದ ನನ್ನ ಹತ್ತಿರ ಬಂದರೆ ಮೊದಲ ಪ್ರಶ್ನೆ ಇದೇ: "ಸರ್, ನನ್ನ ಇಂಗ್ಲಿಷ್ ನಡೆಯುತ್ತಾ?"

ಬಹಳ ಮಂದಿಯದ್ದು ನಡೆಯುತ್ತದೆ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ (ಐಸಿಎಒ) ನಮ್ಮ ಇಂಗ್ಲಿಷನ್ನು 1ರಿಂದ 6ರವರೆಗಿನ ಮಟ್ಟಗಳಲ್ಲಿ ಅಳೆಯುತ್ತದೆ. ಕೆಲಸಕ್ಕೆ 4 ಸಾಕು. ಉಚ್ಚಾರಣೆಯಲ್ಲಿ ಮನೆಮಾತಿನ ಛಾಯೆ ಇರಬಹುದು, ಅದರಿಂದ ಕೇಳುವವರಿಗೆ ತೊಡಕಾಗುವುದು ಕೆಲವೊಮ್ಮೆ ಮಾತ್ರ ಆಗಿರಬೇಕು, ಅಷ್ಟೇ. 6ನೇ ಮಟ್ಟದವರಿಗೂ ಆ ಛಾಯೆ ಇದ್ದರೆ ತಪ್ಪಿಲ್ಲ. ಬೆಂಗಳೂರಿಗೆ ದುಬೈ, ಸಿಂಗಪುರ, ಫ್ರಾಂಕ್‌ಫರ್ಟ್‌ಗಳಿಂದ ವಿಮಾನ ಬರುತ್ತವೆ. ಆ ಪೈಲಟ್‌ಗಳ ಇಂಗ್ಲಿಷಿಗೂ ಅವರವರ ಊರಿನ ವಾಸನೆ ಇರುತ್ತದೆ, ಅಲ್ವಾ?

ಕಾನ್ವೆಂಟಿನಲ್ಲಿ ಓದಿದವರ ಕಷ್ಟವೇ ಬೇರೆ. ರೇಡಿಯೊದಲ್ಲಿ ನಿಮಿಷಕ್ಕೆ 100 ಪದ ದಾಟಬಾರದು ಎನ್ನುವುದು ನಿಯಮ. ಪಟಪಟ ಮಾತಾಡುವವರನ್ನು ಆ ವೇಗಕ್ಕೆ ಇಳಿಸಲು ನಾನು ಜಾಸ್ತಿ ಬೆವರು ಸುರಿಸಿದ್ದೇನೆ.

ಹಾಗಂತ ಭಾಷೆ ಮುಖ್ಯವಲ್ಲ ಎಂದೇನಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 349 ಮಂದಿ ಸತ್ತರು. 15,000 ಅಡಿಯಲ್ಲಿರಬೇಕಿದ್ದ ಕಝಾಕಿಸ್ತಾನದ ವಿಮಾನ ಅದಕ್ಕಿಂತ ಕೆಳಗಿಳಿದಿತ್ತು. ಅದರ ಸಿಬ್ಬಂದಿಯ ಇಂಗ್ಲಿಷ್ ಸಾಲದಾಗಿತ್ತು ಎನ್ನುವುದೂ ತನಿಖೆಯಲ್ಲಿ ಬಂತು. ಇಂಥ ಅಪಘಾತಗಳ ನಂತರವೇ ಈ ಮಟ್ಟಗಳ ನಿಯಮ ಬಂದಿದ್ದು. ಅಲ್ಲಿ ಬೇಕಿದ್ದದ್ದು ಕೇಳಿ ಅರ್ಥ ಮಾಡಿಕೊಳ್ಳುವ ಇಂಗ್ಲಿಷ್.

ನಾವು ತರಬೇತಿಯಲ್ಲಿ ಹುಡುಕುವುದೂ ಅದನ್ನೇ. ಸಿಮ್ಯುಲೇಟರಿನಲ್ಲಿ ಹುಡುಗಿಯೊಬ್ಬಳು ಒಂದು ವಿಮಾನಕ್ಕೆ 'ಒನ್ ಒನ್ ಝೀರೋ' ಮಟ್ಟಕ್ಕೆ, ಅಂದರೆ 11,000 ಅಡಿಗೆ, ಇಳಿಯಲು ಹೇಳುತ್ತಾಳೆ. ಪಕ್ಕದ ಕೋಣೆಯಲ್ಲಿ ಪೈಲಟ್ ಪಾತ್ರ ಮಾಡುವವರು ಬೇಕಂತಲೇ 'ಒನ್ ಝೀರೋ ಝೀರೋ' ಎಂದು ತಪ್ಪಾಗಿ ತಿರುಗಿ ಹೇಳುತ್ತಾರೆ. 10,000 ಅಡಿಯಲ್ಲಿ ಆಗಲೇ ಇನ್ನೊಂದು ವಿಮಾನವಿದೆ. ಇವಳ ಪೆನ್ನು ಮಾತ್ರ ಸ್ಟ್ರಿಪ್ (ಆ ವಿಮಾನದ ವಿವರ ಬರೆದಿಡುವ ಪಟ್ಟಿ) ಮೇಲೆ 110 ಎಂದು ಬರೆದು ಟಿಕ್ ಹಾಕಿಬಿಟ್ಟಿರುತ್ತದೆ! ತಾನು ಹೇಳಿದ್ದೇ ವಾಪಸ್ ಬರುತ್ತದೆ ಎಂದು ಕಿವಿ ಕಾಯುತ್ತಿರುತ್ತದೆ, ಬಂದದ್ದನ್ನು ಕೇಳಿಸಿಕೊಳ್ಳುವುದಿಲ್ಲ. ಇದು ಯಾವ ಮಾಧ್ಯಮದಲ್ಲಿ ಓದಿದವರಿಗೂ ಆಗುತ್ತದೆ. ಕನ್ನಡ ಮಾಧ್ಯಮದವರಲ್ಲಿ ನಾನು ಕಂಡ ತೊಡಕು ಇನ್ನೊಂದು: ಕೇಳಿಸದಿದ್ದಾಗ 'ಸೇ ಅಗೇನ್' ಎನ್ನಲು ನಾಚಿಕೆ. ತರಗತಿಯಲ್ಲಿ ನಗುತ್ತಾರೆಂದು ಸುಮ್ನೆ ಕೂತು ಅಭ್ಯಾಸವಾಗಿರುತ್ತದೆ. ಇದನ್ನು ಬಿಡಿಸುವುದಕ್ಕೆ ನಾನು ಮೊದಲ ವಾರವೇ ಶುರು ಮಾಡುತ್ತೇನೆ.

ನನ್ನ ತಕರಾರು ಆಯ್ಕೆಯ ಬಗ್ಗೆ. ವಿಮಾನ ನಿಲ್ದಾಣ ಪ್ರಾಧಿಕಾರದ ಪರೀಕ್ಷೆಗೆ ಕೂರಲು ಭೌತಶಾಸ್ತ್ರ, ಗಣಿತ ಓದಿದ ಪದವಿ ಬೇಕು. 120 ಅಂಕಗಳಲ್ಲಿ ಅರ್ಧ ಆ ಎರಡು ವಿಷಯಕ್ಕೇ. ಧ್ವನಿ ಪರೀಕ್ಷೆ, ಮಾನಸಿಕ ಪರೀಕ್ಷೆ, ವೈದ್ಯಕೀಯ ತಪಾಸಣೆ ಎಲ್ಲ ಆಮೇಲೆ. ಅಂಕ ಸಾಲದವರು ಅಲ್ಲಿಗೆ ತಲುಪುವುದೇ ಇಲ್ಲ. ಮದುವೆ ಮನೆಯ ಅಡುಗೆ ಭಟ್ಟರು ನಾಲ್ಕು ಒಲೆಯ ಮೇಲಿನ ಪಾತ್ರೆಗಳಲ್ಲಿ ಯಾವುದು ಈಗ ಉಕ್ಕುತ್ತದೆ ಎಂದು ತಿರುಗಿ ನೋಡದೆ ಹೇಳುತ್ತಾರಲ್ಲ, ಕಂಟ್ರೋಲರಿಗೂ ಬೇಕಾದ ಆ ಗುಣ ಇಂಟಿಗ್ರಲ್ ಬಿಡಿಸಿದರೆ ಗೊತ್ತಾಗುವುದಿಲ್ಲ. ಯುರೋಪಿನ ಬಹುತೇಕ ದೇಶಗಳಲ್ಲಿ 'ಫೀಸ್ಟ್' ಎಂಬ ಕಂಪ್ಯೂಟರ್ ಪರೀಕ್ಷೆಗಳಿಂದ ಈ ಗುಣವನ್ನು ಮೊದಲೇ ಅಳೆಯುತ್ತಾರೆ. ನಮ್ಮಲ್ಲೂ ಅದು ಮೊದಲು ಬರಲಿ ಎನ್ನುವುದು ನನ್ನ ವಾದ.

ಆಯ್ಕೆಯಾದವರು ಪ್ರಯಾಗ್‌ರಾಜ್, ಹೈದರಾಬಾದ್ ಅಥವಾ ಗೊಂದಿಯಾದಲ್ಲಿ ಕಲಿತು ಬರುತ್ತಾರೆ. ಆಮೇಲೆ ನಿಜವಾದ ವಿಮಾನಗಳ ಮುಂದೆ, ಪಕ್ಕದಲ್ಲಿ ಇನ್ನೊಂದು ಹೆಡ್‌ಸೆಟ್ ಹಾಕಿಕೊಂಡ ಇನ್‌ಸ್ಟ್ರಕ್ಟರ್ ಇರುತ್ತಾರೆ. ತಪ್ಪು ಕಂಡ ತಕ್ಷಣ ಅವರೇ ಮಾತು ಎತ್ತಿಕೊಳ್ಳುತ್ತಾರೆ. ಹೀಗೆ ಗಳಿಸಿದ ರೇಟಿಂಗ್, ಅಂದರೆ ಒಬ್ಬರೇ ಕೆಲಸ ಮಾಡುವ ಅರ್ಹತೆ, ಆ ಊರಿಗಷ್ಟೇ ನಡೆಯುತ್ತದೆ. ಬೆಂಗಳೂರಿನಿಂದ ಚೆನ್ನೈಗೆ ವರ್ಗವಾದರೆ ಅಲ್ಲಿ ಮತ್ತೆ ತರಬೇತಿ, ಮತ್ತೆ ಪರೀಕ್ಷೆ. ಇಂಗ್ಲಿಷ್ 4ನೇ ಮಟ್ಟದಲ್ಲಿದ್ದರೆ ಅದರ ಪರೀಕ್ಷೆಯೂ 3 ವರ್ಷಕ್ಕೊಮ್ಮೆ ತಪ್ಪುವುದಿಲ್ಲ.