ನರ್ಸ್ ಆಗದಿದ್ದರೆ ಏನಾಗುತ್ತಿದ್ದಿರಿ?

ನರ್ಸಿಂಗ್ ಕಾಲೇಜಿನ ಸಂದರ್ಶನದ ಮೊದಲ ಪ್ರಶ್ನೆ ಎಲ್ಲರಿಗೂ ಗೊತ್ತಿರುವುದೇ: ಈ ವೃತ್ತಿಯನ್ನು ಏಕೆ ಆರಿಸಿಕೊಂಡಿರಿ? ಉತ್ತರವೂ ಗೊತ್ತಿರುವುದೇ: ರೋಗಿಗಳ ಸೇವೆ ಮಾಡುವ ಆಸೆ. ಕೆಲಸ ಖಚಿತವಾಗಿ ಸಿಗುತ್ತದೆ ಎಂದು ಬಂದವರು, ಡಾಕ್ಟರಾಗಲು ಅಂಕ ಸಾಲಲಿಲ್ಲ ಎಂದು ಬಂದವರು, ಅಕ್ಕನೋ ಚಿಕ್ಕಮ್ಮನೋ ಅದೇ ಸಮವಸ್ತ್ರ ತೊಟ್ಟು ಮನೆ ನಡೆಸುವುದನ್ನು ನೋಡಿ ಬಂದವರು, ಎಲ್ಲರೂ ಹೇಳುವುದು ಈ ಒಂದೇ ಮಾತನ್ನು. ಎಂಜಿನಿಯರಿಂಗ್ ಸೇರುವ ಹುಡುಗ ‘ಸಂಬಳ ಚೆನ್ನಾಗಿದೆ’ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ನರ್ಸಿಂಗ್ ಸೇರುವ ಹುಡುಗಿ ಹಾಗೆಂದರೆ ಎದುರಿಗೆ ಕುಳಿತವರ ಮುಖ ಗಂಟಾಗುತ್ತದೆ.

ಎರಡನೆಯ ಪ್ರಶ್ನೆಯೊಂದಿದೆ, ಅದನ್ನು ಕೇಳುವವರು ಕಡಿಮೆ. ಇದಲ್ಲದಿದ್ದರೆ ನೀವು ಬೇರೆ ಏನಾಗಬಹುದಿತ್ತು? ನರ್ಸಿಂಗ್‌ನ ಇತಿಹಾಸವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡಿದರೆ ‘ಕರೆ’, ‘ಸೇವಾ ಮನೋಭಾವ’ ಮುಂತಾದ ಮಾತುಗಳ ಹಿಂದೆ ಸಾಲುಸಾಲಾಗಿ ಮುಚ್ಚಿದ ಬಾಗಿಲುಗಳು ಕಾಣತೊಡಗುತ್ತವೆ.

ಪದಗಳಿಂದಲೇ ಶುರು ಮಾಡಬಹುದು. ‘ಶುಶ್ರೂಷೆ’ಯ ಮೂಲ ಧಾತು ‘ಶ್ರು’, ಕೇಳು ಎಂದು ಅರ್ಥ. ಕೇಳಬೇಕೆಂಬ ಬಯಕೆಯೇ ಶುಶ್ರೂಷೆ. ಗುರುವಿನ ಮಾತು ಕೇಳುವ ಆಸೆಯಿಂದ ಅದು ವಿಧೇಯತೆಗೆ, ವಿಧೇಯತೆಯಿಂದ ಸೇವೆಗೆ ಸರಿಯಿತು. ರೋಗಿಯ ಮಾತನ್ನು ಕೇಳಿಸಿಕೊಳ್ಳುವವರು ಎಂಬ ಅರ್ಥ ನನಗೆ ಇಷ್ಟ. ಆದರೆ ಈ ವೃತ್ತಿಯಲ್ಲಿ ಬಹುಕಾಲ ಚಲಾವಣೆಯಲ್ಲಿದ್ದದ್ದು ವಿಧೇಯತೆಯ ಅರ್ಥವೇ. ‘ನರ್ಸ್’ ಎಂಬುದರ ಬೇರು ಲ್ಯಾಟಿನ್ ಭಾಷೆಯ ಉಣಿಸು, ಪೋಷಿಸು ಎಂಬ ಕ್ರಿಯಾಪದದಲ್ಲಿದೆ. ‘ದಾದಿ’ ಮಗುವನ್ನು ಸಾಕುವವಳು. ‘ಸಿಸ್ಟರ್’ ಬಂದದ್ದು ಕ್ರೈಸ್ತ ಸನ್ಯಾಸಿನಿಯರಿಂದ. ಗುರುಕುಲ, ತೊಟ್ಟಿಲು, ಮಠ ಎಲ್ಲವೂ ಈ ಹೆಸರುಗಳಲ್ಲಿವೆ. ಕಲಿತು ಸಂಬಳ ಪಡೆಯುವ ಕಸುಬಿನ ಸುಳಿವು ಮಾತ್ರ ಇಲ್ಲ. ಈ ವಿಷಯದಲ್ಲಿ ಚರಕಸಂಹಿತೆ ಹೆಚ್ಚು ನೇರ. ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳು ಎನ್ನುವ ಆ ಗ್ರಂಥ ಪರಿಚಾರಕನಿಗೆ ನಾಲ್ಕು ಗುಣಗಳನ್ನು ಹೇಳುತ್ತದೆ: ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ. ತಿಳಿವಳಿಕೆ ಮೊದಲು, ಅನುರಾಗ ಮೂರನೆಯದು. ಇಂದಿನ ಸಂದರ್ಶಕರು ಈ ಅನುಕ್ರಮವನ್ನು ಗಮನಿಸಿದರೆ ಒಳ್ಳೆಯದು.

ಇದು ಹೆಂಗಸರ ಕೆಲಸ ಎಂಬ ನಂಬಿಕೆಗೂ ಅಷ್ಟು ವಯಸ್ಸಾಗಿಲ್ಲ. 16ನೇ ಶತಮಾನದ ಇಟಲಿಯ ಕಮಿಲಸ್ ಸೈನಿಕರಾಗಿದ್ದವರು, ಜೂಜಿನಲ್ಲಿ ಕೈಯಲ್ಲಿದ್ದದ್ದನ್ನೆಲ್ಲ ಕಳೆದುಕೊಂಡವರು. ಕಾಲಿನ ಮಾಯದ ಹುಣ್ಣೊಂದು ಅವರನ್ನು ರೋಮ್‌ನ ಆಸ್ಪತ್ರೆಗೆ ಮತ್ತೆ ಮತ್ತೆ ಕರೆತಂದಿತು. ರೋಗಿಗಳನ್ನು ಅಲ್ಲಿ ನಡೆಸಿಕೊಳ್ಳುತ್ತಿದ್ದ ರೀತಿಯನ್ನು ಮಂಚದ ಮೇಲಿನಿಂದಲೇ ಕಂಡ ಅವರು ಮುಂದೆ ಆರೈಕೆಗಾಗಿಯೇ ಒಂದು ಸನ್ಯಾಸಿ ಪಂಥ ಕಟ್ಟಿದರು. ಅದೇ ಶತಮಾನದಲ್ಲಿ ಸ್ಪೇನ್‌ನ ಗ್ರನಾಡಾದಲ್ಲಿದ್ದ ‘ದೇವರ ಜಾನ್’ ಎಂದು ಹೆಸರಾದವರು ಕುರಿ ಕಾಯ್ದಿದ್ದರು, ಸೈನ್ಯದಲ್ಲಿದ್ದರು, ಪುಸ್ತಕ ಮಾರಿದ್ದರು. ಹುಚ್ಚನೆಂದು ಆಸ್ಪತ್ರೆಯಲ್ಲಿ ಕೂಡಿಹಾಕಿಸಿಕೊಂಡು ಏಟು ತಿಂದು ಹೊರಬಂದ ಮೇಲೆ ತಾವೇ ಆಸ್ಪತ್ರೆ ತೆರೆದರು. ಕ್ಯಾಥೊಲಿಕ್ ಚರ್ಚು ಇವರಿಬ್ಬರನ್ನೂ ನರ್ಸುಗಳ ಪಾಲಕ ಸಂತರೆಂದು ಗುರುತಿಸಿದೆ. ಸೇವೆಗೆ ಬರುವ ಮುನ್ನ ಇವರು ಬೇರೆ ಬದುಕುಗಳನ್ನು ಬದುಕಿ, ಸಾಕೆನಿಸಿ ಬಂದಿದ್ದರು. ಹೆಣ್ಣುಮಕ್ಕಳಿಗೆ ಆ ಭಾಗ್ಯ ಇರಲಿಲ್ಲ. 1633ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ‘ಡಾಟರ್ಸ್ ಆಫ್ ಚಾರಿಟಿ’ ಹಳ್ಳಿಯ ಸಾಮಾನ್ಯ ಹುಡುಗಿಯರಿಗೆ ಮದುವೆ ಮತ್ತು ಗೋಡೆಗಳೊಳಗಿನ ಮಠ ಎರಡೂ ಅಲ್ಲದ ಮೂರನೆಯ ದಾರಿಯೊಂದನ್ನು ತೋರಿಸಿತು. ಅದನ್ನು ಹಿಡಿದವರಲ್ಲಿ ಭಕ್ತಿ ಎಷ್ಟಿತ್ತು, ಬಿಡುಗಡೆಯ ಆಸೆ ಎಷ್ಟಿತ್ತು ಎಂದು ಅಳೆಯುವುದು ಹೇಗೆ?

ಮಠಗಳ ಹೊರಗೆ, 19ನೇ ಶತಮಾನದ ಮೊದಲರ್ಧದವರೆಗೂ, ಆಸ್ಪತ್ರೆಯ ನರ್ಸ್ ಎಂದರೆ ಕಸ ಗುಡಿಸಿ, ಬಟ್ಟೆ ಒಗೆದು, ರಾತ್ರಿ ರೋಗಿಯ ಪಕ್ಕ ಕೂರುವ ಬಡ ಹೆಂಗಸು. ಬೇರೆ ಗತಿಯಿಲ್ಲದವರು ಬರುತ್ತಿದ್ದ ಕೆಲಸ ಅದು. 1845ರಲ್ಲಿ ಇಂಗ್ಲೆಂಡಿನ ಸಿರಿವಂತ ಮನೆಯ ಮಗಳೊಬ್ಬಳು ಸಾಲ್ಸ್‌ಬರಿಯ ಆಸ್ಪತ್ರೆಯಲ್ಲಿ ಈ ಕೆಲಸ ಕಲಿಯುತ್ತೇನೆ ಎಂದಾಗ ಮನೆಯವರು ದಿಗಿಲುಬಿದ್ದದ್ದು ಇದೇ ಕಾರಣಕ್ಕೆ.

ಆ ಮಗಳು ಫ್ಲಾರೆನ್ಸ್ ನೈಟಿಂಗೇಲ್. 1837ರಲ್ಲಿ, ಹದಿನಾರರ ವಯಸ್ಸಿನಲ್ಲಿ, ದೇವರು ತನ್ನನ್ನು ಸೇವೆಗೆ ಕರೆದನೆಂದು ಅವರು ಬರೆದುಕೊಂಡಿದ್ದರು. ಯಾವ ಸೇವೆ ಎಂಬುದು ಆ ಕರೆಯಲ್ಲಿ ಸ್ಪಷ್ಟವಿರಲಿಲ್ಲ. ನರ್ಸಿಂಗ್ ಎಂದು ಹೊಳೆಯಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ಅವರಿಗೆ ಹಿಡಿದಿದ್ದ ಇನ್ನೊಂದು ಗೀಳು ಗಣಿತ. ಹೆಣ್ಣುಮಗಳಿಗೆ ಗಣಿತ ಏಕೆ ಎಂದು ಮನೆಯಲ್ಲಿ ವಾದ ನಡೆದಿತ್ತು. ವಿಶ್ವವಿದ್ಯಾಲಯ, ಸಂಸತ್ತು, ಸರ್ಕಾರಿ ನೌಕರಿ ಯಾವುದೂ ಹೆಣ್ಣಿಗಿರಲಿಲ್ಲ. ಬಹುಕಾಲ ಕಾದಿದ್ದ ವರನನ್ನೂ ನಿರಾಕರಿಸಿ, ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ಗೆ ಹೋಗಿ ಮೂರು ತಿಂಗಳು ತರಬೇತಿ ಪಡೆದರು. 1853ರಲ್ಲಿ ಲಂಡನ್ನಿನ ಚಿಕ್ಕ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದಾಗ ಸಂಬಳ ಇರಲಿಲ್ಲ. ತಂದೆ ವರ್ಷಕ್ಕೆ 500 ಪೌಂಡ್ ಕೊಡುತ್ತಿದ್ದರು. ಮರುವರ್ಷ 38 ನರ್ಸುಗಳ ತಂಡದೊಡನೆ ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ಸ್ಕುಟಾರಿಗೆ ಹೊರಟರು. ದೀಪ ಹಿಡಿದ ಮಹಿಳೆಯ ಚಿತ್ರ ಅಲ್ಲಿಂದ ಜಗತ್ತಿಗೆಲ್ಲ ಹರಡಿತು.

ಆ ಚಿತ್ರದಲ್ಲಿ ಕಾಣದ ಭಾಗವೇ ನನಗೆ ಮುಖ್ಯವೆನಿಸುತ್ತದೆ. ನೈಟಿಂಗೇಲ್ ಬದುಕಿದ್ದು ತೊಂಬತ್ತು ವರ್ಷ; ರೋಗಿಗಳ ನಡುವೆ ಕೆಲಸ ಮಾಡಿದ್ದು ಕೆಲವೇ ವರ್ಷ. ಉಳಿದ ಆಯುಷ್ಯ ಅಂಕಿ ಅಂಶ, ಆಸ್ಪತ್ರೆಗಳ ನಕ್ಷೆ, ಸೈನ್ಯದ ನೈರ್ಮಲ್ಯ, ಮಂತ್ರಿಗಳಿಗೆ ಬರೆದ ಪತ್ರಗಳಲ್ಲಿ ಕಳೆಯಿತು. ಸೈನಿಕರ ಸಾವಿಗೆ ಗಾಯಕ್ಕಿಂತ ರೋಗವೇ ದೊಡ್ಡ ಕಾರಣವೆಂದು ಅವರು ಬಣ್ಣದ ವೃತ್ತಾಕಾರದ ನಕ್ಷೆಯಲ್ಲಿ ತೋರಿಸಿದ್ದು 1858ರಲ್ಲಿ. ಲಂಡನ್ನಿನ ಸಾಂಖ್ಯಿಕ ಸಂಘಕ್ಕೆ ಆಯ್ಕೆಯಾದ ಮೊದಲ ಮಹಿಳೆ ಅವರೇ. ಸಾಂಖ್ಯಿಕ ತಜ್ಞೆಗೆ ನೇರ ಬಾಗಿಲು ಇಲ್ಲದಿದ್ದಾಗ ನರ್ಸಿನ ಬಾಗಿಲಿನಿಂದ ಒಳಗೆ ಹೋದರು ಎಂದರೆ ಅವರ ಭಕ್ತರಿಗೆ ಕೋಪ ಬರಬಹುದು. ನನಗಂತೂ ಹಾಗೆಯೇ ಕಾಣುತ್ತದೆ. ಸಂಬಳದ ಅಗತ್ಯವಿಲ್ಲದ ಮನೆಯ ಮಗಳೊಬ್ಬಳು ಇಡೀ ವೃತ್ತಿಯ ಆದರ್ಶಮೂರ್ತಿಯಾದದ್ದರಿಂದ ಮುಂದಿನ ತಲೆಮಾರುಗಳಿಗೆ ಬಿದ್ದ ಪೆಟ್ಟೂ ಕಡಿಮೆಯಲ್ಲ. ಕೂಲಿಯ ಮಾತೆತ್ತಿದವರಿಗೆ ದೀಪದ ಚಿತ್ರ ತೋರಿಸಿ ಬಾಯಿ ಮುಚ್ಚಿಸುವುದು ಆಡಳಿತ ನಡೆಸುವವರಿಗೆ ಸುಲಭವಾಯಿತು.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ತರಬೇತಿ ಶಾಲೆ ತೆರೆಯಿತು. ಅದೇ ವರ್ಷ, ಅದೇ ನಗರದ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಎಲಿಜಬೆತ್ ಗ್ಯಾರೆಟ್ ಎಂಬ ಯುವತಿ ನರ್ಸ್ ಆಗಿ ಸೇರಿದರು. ಅವರಿಗೆ ಬೇಕಿದ್ದದ್ದು ನರ್ಸಿಂಗ್ ಅಲ್ಲವೇ ಅಲ್ಲ, ವೈದ್ಯವಿದ್ಯೆ. ಯಾವ ವೈದ್ಯಕೀಯ ಶಾಲೆಯೂ ಸೇರಿಸಿಕೊಳ್ಳದ ಕಾರಣ ನರ್ಸಿನ ಉಡುಪಿನಲ್ಲಿ ವಾರ್ಡಿಗೆ ಬಂದರು. ಅಲ್ಲಿಂದ ಉಪನ್ಯಾಸದ ಕೊಠಡಿಗೂ ಕಾಲಿಟ್ಟರು. ಗಂಡು ವಿದ್ಯಾರ್ಥಿಗಳು ತಕರಾರು ತೆಗೆದು ಹೊರಹಾಕಿಸಿದರು. ಔಷಧ ತಯಾರಕರ ಸಂಘದ ನಿಯಮಾವಳಿಯಲ್ಲಿ ಹೆಂಗಸರಿಗೆ ನಿಷೇಧವಿಲ್ಲ ಎಂಬುದನ್ನು ಹುಡುಕಿ, ಅದರ ಪರೀಕ್ಷೆ ಬರೆದು 1865ರಲ್ಲಿ ವೈದ್ಯ ಪರವಾನಗಿ ಪಡೆದೇಬಿಟ್ಟರು. ಸಂಘ ಮಾಡಿದ ಮುಂದಿನ ಕೆಲಸ ನಿಯಮವನ್ನೇ ತಿದ್ದಿ ಆ ಸಂದನ್ನು ಮುಚ್ಚಿದ್ದು. ಅಷ್ಟು ಹಟವಾಗಲಿ, ಬೆನ್ನಿಗೆ ನಿಲ್ಲುವ ತಂದೆಯಾಗಲಿ ಇಲ್ಲದ ಎಷ್ಟು ಮಂದಿ ನರ್ಸ್ ಆಗಿಯೇ ಉಳಿದರು ಎಂಬುದಕ್ಕೆ ದಾಖಲೆ ಎಲ್ಲಿರುತ್ತದೆ?

ಅಮೆರಿಕದಲ್ಲೂ ಕಥೆ ಬೇರೆಯಲ್ಲ. ಕ್ಲಾರಾ ಬಾರ್ಟನ್ ಶಿಕ್ಷಕಿಯಾಗಿದ್ದರು. ತಾವೇ ಕಟ್ಟಿ ಬೆಳೆಸಿದ ಶಾಲೆಗೆ ಗಂಡಸೊಬ್ಬನನ್ನು ಮುಖ್ಯಸ್ಥನಾಗಿ ತಂದು ಕೂರಿಸಿದಾಗ ಬಿಟ್ಟು ಹೊರಟು, ಪೇಟೆಂಟ್ ಕಚೇರಿಯಲ್ಲಿ ಗುಮಾಸ್ತೆಯಾದರು. ಅಂತರ್ಯುದ್ಧ ಅವರನ್ನು ರಣಾಂಗಣದ ಆರೈಕೆಗೆ ಎಳೆಯಿತು. ಅದೇ ಯುದ್ಧದಲ್ಲಿ ಕವಿ ವಾಲ್ಟ್ ವಿಟ್‌ಮನ್ ವಾಷಿಂಗ್ಟನ್ನಿನ ಆಸ್ಪತ್ರೆಗಳಲ್ಲಿ ಗಾಯಾಳುಗಳ ಪಕ್ಕ ಕೂತು ಅವರ ಪರವಾಗಿ ಮನೆಗೆ ಪತ್ರ ಬರೆದುಕೊಟ್ಟರು. ಮೇರಿ ಮಹೋನಿಯ ಕಥೆ ಇನ್ನೂ ಕಠಿಣ. ಬೋಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಹದಿನೈದು ವರ್ಷದಷ್ಟು ಕಾಲ ಅಡುಗೆ, ಬಟ್ಟೆ ಒಗೆತ, ನೆಲ ಒರೆಸುವ ಕೆಲಸ ಮಾಡಿದ ಮೇಲೆ ಅಲ್ಲಿಯ ತರಬೇತಿಗೇ ಸೇರಿ, 1879ರಲ್ಲಿ ಆ ದೇಶದ ಮೊದಲ ತರಬೇತಾದ ಕಪ್ಪು ನರ್ಸ್ ಎನಿಸಿಕೊಂಡರು. ಜೊತೆಗೆ ಸೇರಿದ್ದ ನಲವತ್ತರಷ್ಟು ಮಂದಿಯಲ್ಲಿ ಕೊನೆಮುಟ್ಟಿದವರು ನಾಲ್ವರೇ. ಮಹೋನಿಗೆ ನರ್ಸಿಂಗ್ ಮೇಲೇರುವ ಮೆಟ್ಟಿಲು, ನೈಟಿಂಗೇಲ್ ತಾಯಿಗೆ ಅದೇ ಮೆಟ್ಟಿಲು ಕುಟುಂಬದ ಮಾನ ಇಳಿಯುವ ದಾರಿಯಾಗಿ ಕಂಡಿತ್ತು.

ಹಾಗೆಂದು ಒಲವಿನಿಂದ ಬಂದವರೇ ಇಲ್ಲ ಎನ್ನಲಾಗದು. ಲಿಲಿಯನ್ ವಾಲ್ಡ್ ಅಕ್ಕನ ಹೆರಿಗೆಗೆ ಬಂದ ನರ್ಸಿನ ಕೈಚಳಕ ಕಂಡು ಈ ಕೆಲಸಕ್ಕೆ ಮನಸೋತರು. ಆಮೇಲೆ ನ್ಯೂಯಾರ್ಕಿನ ಬಡವರ ಕೇರಿಗಳಲ್ಲಿ ಮನೆಮನೆಗೆ ಹೋಗುವ ಸಾರ್ವಜನಿಕ ಆರೋಗ್ಯ ನರ್ಸಿಂಗ್‌ಗೆ ಅಡಿಪಾಯ ಹಾಕಿದರು. ಈಡಿತ್ ಕ್ಯಾವೆಲ್ ಬ್ರಸೆಲ್ಸ್‌ನಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದವರು, ಕಾಯಿಲೆ ಬಿದ್ದ ತಂದೆಯನ್ನು ನೋಡಿಕೊಳ್ಳಲು ಊರಿಗೆ ಮರಳಿ, ಅಲ್ಲಿಂದ ನರ್ಸಿಂಗ್ ಹಿಡಿದರು. ಮನೆಯೊಳಗಿನ ಕಾಯಿಲೆ, ಅಲ್ಲಿಗೆ ಬಂದ ಒಬ್ಬ ಒಳ್ಳೆಯ ನರ್ಸ್: ಇಂದಿಗೂ ಈ ವೃತ್ತಿಗೆ ಬರುವ ಬಹಳ ಮಂದಿ ಹೇಳುವ ಕಾರಣ ಇದೇ, ಮತ್ತು ಇದನ್ನು ನಾನು ಅನುಮಾನವಿಲ್ಲದೆ ನಂಬುತ್ತೇನೆ.

ಮೊದಲ ಮಹಾಯುದ್ಧದಲ್ಲಿ ಸ್ವಯಂಸೇವಕಿಯಾಗಿ ಆಸ್ಪತ್ರೆಗೆ ಬಂದವರಲ್ಲಿ ಅಗಾಥಾ ಕ್ರಿಸ್ಟಿಯೂ ಒಬ್ಬರು. ನರ್ಸಿಂಗ್‌ನಿಂದ ಔಷಧ ವಿತರಣೆಯ ವಿಭಾಗಕ್ಕೆ ಹೋಗಿ ವಿಷಗಳ ಪರಿಚಯ ಮಾಡಿಕೊಂಡರು. ಆ ವಿದ್ಯೆ ಮುಂದೆ ಯಾವ ಬಗೆಯ ಸಾವುಗಳಿಗೆ ಬಳಕೆಯಾಯಿತು ಎಂಬುದನ್ನು ಪತ್ತೇದಾರಿ ಕಾದಂಬರಿ ಓದುವವರಿಗೆ ಹೇಳಬೇಕಿಲ್ಲ.

20ನೇ ಶತಮಾನದ ನಡುಭಾಗದವರೆಗೂ ಓದಿದ ಹುಡುಗಿಗೆ ಎದುರಿದ್ದ ದಾರಿಗಳು ಬೆರಳೆಣಿಕೆಯವು: ಶಿಕ್ಷಕಿ, ಬೆರಳಚ್ಚುಗಾರ್ತಿ ಅಥವಾ ಕಾರ್ಯದರ್ಶಿ, ಇಲ್ಲವೇ ನರ್ಸ್. ಎಷ್ಟೋ ಕಡೆ ಮದುವೆಯಾದ ನರ್ಸ್ ಕೆಲಸ ಬಿಡಬೇಕಿತ್ತು. ಗಂಡಸರಿಗೆ ಬೇರೆ ಬಗೆಯ ಬೇಲಿ. ಬ್ರಿಟನ್ನಿನಲ್ಲಿ 1919ರ ಕಾನೂನಿನಡಿ ಅವರ ಹೆಸರು ಪ್ರತ್ಯೇಕ ಪಟ್ಟಿಯಲ್ಲಿತ್ತು, 1949ರವರೆಗೆ. ಅಲ್ಲಿಯ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಪುರುಷರಿಗೆ ಸದಸ್ಯತ್ವ ಕೊಟ್ಟದ್ದು 1960ರಲ್ಲಿ. ಕಮಿಲಸ್ ಬಂದು ಅರ್ಜಿ ಹಾಕಿದ್ದರೆ ತಿರಸ್ಕೃತರಾಗುತ್ತಿದ್ದರು!

ಆಸ್ಪತ್ರೆಗಳ ಪಾಲಿಗೆ ಇದು ಬಹಳ ಅಗ್ಗದ ವ್ಯವಸ್ಥೆ. ಡಾಕ್ಟರೋ ವಕೀಲೆಯೋ ಆಗಬಹುದಾಗಿದ್ದ ಬುದ್ಧಿವಂತೆ, ಬೇರೆಡೆ ಹೋಗಲಾಗದೆ, ಕಡಿಮೆ ಸಂಬಳಕ್ಕೆ ರಾತ್ರಿಪಾಳಿ ಮಾಡುತ್ತಿದ್ದಳು. ಅಮೆರಿಕದಲ್ಲಿ 1972ರ ಶಿಕ್ಷಣ ಕಾನೂನು ಸರ್ಕಾರಿ ನೆರವು ಪಡೆಯುವ ಸಂಸ್ಥೆಗಳಲ್ಲಿ ಲಿಂಗಭೇದವನ್ನು ನಿಷೇಧಿಸಿತು. 1960ರ ದಶಕದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಹತ್ತರಲ್ಲಿ ಒಂದು ಪಾಲೂ ಇಲ್ಲದಿದ್ದ ಮಹಿಳೆಯರು 2017ರಲ್ಲಿ ಹೊಸದಾಗಿ ಸೇರಿದವರಲ್ಲಿ ಪುರುಷರನ್ನು ಮೀರಿದರು. ‘ಈಗಿನ ಹುಡುಗಿಯರಲ್ಲಿ ಸೇವಾಭಾವ ಕಡಿಮೆಯಾಗಿದೆ’ ಎಂದು ಗೊಣಗುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಬೇಲಿ ತೆಗೆದ ಮೇಲೆ ದನ ಹಟ್ಟಿಯಲ್ಲೇ ಏಕೆ ನಿಲ್ಲಲಿಲ್ಲ ಎಂದು ಕೇಳಿದ ಹಾಗಾಯಿತು.

ಇದೇ ಬದಲಾವಣೆಯ ಇನ್ನೊಂದು ಮಗ್ಗುಲು ಮಿಸಿಸಿಪಿಯ ಮೊಕದ್ದಮೆ. ಜೋ ಹೋಗನ್ ಆಗಲೇ ನರ್ಸ್ ಆಗಿದ್ದರು, ಪದವಿ ಬೇಕಿತ್ತು. ಊರಲ್ಲೇ ಇದ್ದ ಮಹಿಳಾ ವಿಶ್ವವಿದ್ಯಾಲಯ, ತರಗತಿಯಲ್ಲಿ ಕೂತು ಕೇಳಬಹುದು, ಪದವಿ ಮಾತ್ರ ಕೊಡುವುದಿಲ್ಲ ಎಂದಿತು. 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಗಂಡಸರನ್ನು ಹೊರಗಿಡುವುದರಿಂದ ನರ್ಸಿಂಗ್ ಕೇವಲ ಹೆಂಗಸರ ಕೆಲಸ ಎಂಬ ಹಳೆಯ ಕಲ್ಪನೆಯೇ ಗಟ್ಟಿಯಾಗುತ್ತದೆ ಎಂದಿತು. ತೀರ್ಪು ಬರೆದವರು ಆ ನ್ಯಾಯಾಲಯದ ಮೊದಲ ಮಹಿಳಾ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್. 1952ರಲ್ಲಿ ಕಾನೂನು ಪದವಿಯನ್ನು ಮೇಲಿನ ಸ್ಥಾನದಲ್ಲಿ ಮುಗಿಸಿ ಕೆಲಸ ಹುಡುಕಿದಾಗ ವಕೀಲರ ಸಂಸ್ಥೆಯೊಂದು ಅವರ ಮುಂದಿಟ್ಟದ್ದು ಕಾರ್ಯದರ್ಶಿಯ ಕುರ್ಚಿಯನ್ನು.

ಈ ನಡುವೆ ಇನ್ನೊಂದು ಕಾರಣ ದೊಡ್ಡದಾಗಿ ಬೆಳೆಯಿತು: ವಿಮಾನದ ಟಿಕೆಟ್. 1948ರಲ್ಲಿ ಶುರುವಾದ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಕೆರಿಬಿಯನ್ ದ್ವೀಪಗಳಿಂದ ನರ್ಸುಗಳನ್ನು ಕರೆಸಿತು. ಪಶ್ಚಿಮ ಜರ್ಮನಿ ದಕ್ಷಿಣ ಕೊರಿಯಾದಿಂದ, ಅಮೆರಿಕ ಫಿಲಿಪೀನ್ಸ್‌ನಿಂದ ಕರೆಸಿಕೊಂಡವು. ಇಡೀ ಕುಟುಂಬದ ಸಾಲ, ತಮ್ಮಂದಿರ ಓದು ಒಬ್ಬ ಮಗಳ ನರ್ಸಿಂಗ್ ಸರ್ಟಿಫಿಕೇಟಿನ ಮೇಲೆ ನಿಂತವು. ಅವಳಿಗೆ ‘ಏಕೆ ಆರಿಸಿಕೊಂಡೆ’ ಎಂದು ಕೇಳುವುದಕ್ಕಿಂತ ‘ಯಾರು ಆರಿಸಿದರು’ ಎಂದು ಕೇಳುವುದು ಸರಿ. 2000ದ ಆಸುಪಾಸಿನಲ್ಲಿ ಫಿಲಿಪೀನ್ಸ್‌ನ ಡಾಕ್ಟರುಗಳೇ ಮತ್ತೆ ತರಗತಿಗೆ ಹೋಗಿ ನರ್ಸಿಂಗ್ ಕಲಿತು ವಿದೇಶಕ್ಕೆ ಹೊರಟರು. ನರ್ಸಿನ ಉಡುಪಿನಲ್ಲಿ ವೈದ್ಯವಿದ್ಯೆಯ ಕಡೆಗೆ ನಡೆದ ಎಲಿಜಬೆತ್ ಗ್ಯಾರೆಟ್ ಅವರ ದಾರಿ ತಲೆಕೆಳಗಾಗಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 2.8 ಕೋಟಿ ನರ್ಸುಗಳಿದ್ದರು, ಅವರಲ್ಲಿ ಶೇ 90ರಷ್ಟು ಮಹಿಳೆಯರು. ಬಾಗಿಲುಗಳು ತೆರೆದಿವೆ ಎಂದು ಸಂಭ್ರಮಿಸುವ ಮುನ್ನ ನೋಡಬೇಕಾದ ಅಂಕಿ ಇದು.

ಆದರೂ ಕೆಲವು ತರಗತಿಗಳಲ್ಲಿ ಎರಡನೆಯ ಪ್ರಶ್ನೆಗೆ ಈಗ ಉತ್ತರ ಸಿಗುತ್ತದೆ. ಬೇರೆ ಪದವಿ ಪಡೆದು, ಬೇರೆ ಕೆಲಸ ಮಾಡಿ, ಮೂವತ್ತು ನಲವತ್ತರ ವಯಸ್ಸಿನಲ್ಲಿ ನರ್ಸಿಂಗ್‌ಗೆ ಬರುವವರಿಗಾಗಿ ಹಲವು ದೇಶಗಳಲ್ಲಿ ಕಡಿಮೆ ಅವಧಿಯ ಕೋರ್ಸುಗಳಿವೆ. ಏನಾಗಬಹುದಿತ್ತು ಎಂದು ಇವರು ಊಹಿಸಬೇಕಿಲ್ಲ, ಆಗಿ ನೋಡಿಯೇ ಬಂದಿದ್ದಾರೆ. ಶಿಕ್ಷಕಿಯಾಗಿದ್ದವರಿಗೆ ಸಕ್ಕರೆ ಕಾಯಿಲೆಯ ರೋಗಿಗೆ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಹೇಳಿಕೊಡುವುದು ಹೊಸದೇನಲ್ಲ. ಲೆಕ್ಕಪತ್ರ ಬಿಟ್ಟು ಬಂದವರ ಕೈಗೆ ಮೊದಲ ವಾರವೇ ರೋಗಿಯ ದೇಹಕ್ಕೆ ಹೋದ ದ್ರವ ಎಷ್ಟು, ಹೊರಗೆ ಬಂದದ್ದು ಎಷ್ಟು ಎಂದು ಬರೆಯುವ ಹಾಳೆ ಬರುತ್ತದೆ. ಜಮಾ ಒಂದು ಕಡೆ, ಖರ್ಚು ಒಂದು ಕಡೆ. ವ್ಯತ್ಯಾಸ ಹೆಚ್ಚಾದರೆ ಡಾಕ್ಟರನ್ನು ಎಬ್ಬಿಸಬೇಕು, ರಾತ್ರಿ ಎರಡು ಗಂಟೆಯಾಗಿದ್ದರೂ.