ಗಾಂಜಾ ಅಂಗಡಿಯ ಬೀಗದ ಕೈ ಯಾರ ಹತ್ತಿರ?

2017ರ ಜನವರಿ 8, ಭಾನುವಾರ. ಅಮೆರಿಕದ ಕಾನೂನುಬದ್ಧ ಗಾಂಜಾ ಅಂಗಡಿಗಳಲ್ಲಿ ಮಾಲು ಇತ್ತು, ಗಿರಾಕಿಗಳೂ ಇದ್ದರು. ಆದರೂ ಎಷ್ಟೋ ಕಡೆ ವ್ಯಾಪಾರ ನಿಂತುಹೋಯಿತು. ಡೆನ್ವರ್‌ನ ಎಂಜೆ ಫ್ರೀವೇ ಅನ್ನೋ ಸಾಫ್ಟ್‌ವೇರ್ ಕಂಪನಿಯ ಸರ್ವರ್‌ಗಳಿಗೆ ಯಾರೋ ಕನ್ನ ಹಾಕಿದ್ದರು. 23 ರಾಜ್ಯಗಳ 1,000ಕ್ಕೂ ಹೆಚ್ಚು ಅಂಗಡಿಗಳು ಮಾರಾಟದ ಲೆಕ್ಕಕ್ಕೆ ಆ ಒಂದೇ ಕಂಪನಿಯನ್ನು ನೆಚ್ಚಿಕೊಂಡಿದ್ದವು. ಕೆಲವರು ಬಾಗಿಲು ಹಾಕಿದರು. ಕೆಲವರು ಪೆನ್ನು, ಪುಸ್ತಕ ಹಿಡಿದು ಕೂತರು. ಹೊರಗೆ ಸಾಲು ಬೆಳೆಯುತ್ತಲೇ ಇತ್ತು.

ಕಂಪ್ಯೂಟರ್ ಕೆಟ್ಟರೆ ನಮ್ಮ ಕಿರಾಣಿ ಅಂಗಡಿಯವರು ಚೀಟಿ ಮೇಲೆ ಲೆಕ್ಕ ಬರೆದು ಸಾಮಾನು ಕೊಟ್ಟು ಕಳಿಸುತ್ತಾರೆ. ಅಲ್ಲಿ ಅದು ಅಷ್ಟು ಸುಲಭವಲ್ಲ. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

ಅಮೆರಿಕದ 1970ರ ಕೇಂದ್ರ ಕಾನೂನು ಗಾಂಜಾವನ್ನು ಹೆರಾಯಿನ್ ಇದ್ದ ನಿಷೇಧದ ಪಟ್ಟಿಗೇ ಸೇರಿಸಿತ್ತು. 2012ರ ನವೆಂಬರ್‌ನಲ್ಲಿ ಕೊಲರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳ ಜನ ವೋಟು ಹಾಕಿ ಅದನ್ನು ತಮ್ಮಲ್ಲಿ ಕಾನೂನುಬದ್ಧ ಮಾಡಿಕೊಂಡರು. ಕೇಂದ್ರ ಸುಮ್ನಿರಬೇಕಾದರೆ, ಮಾಲು ಕಳ್ಳದಾರಿ ಹಿಡಿಯುತ್ತಿಲ್ಲ ಎಂದು ರಾಜ್ಯಗಳು ತೋರಿಸಬೇಕಿತ್ತು. ಹಾಗಾಗಿ ಬೀಜದಿಂದ ಬಿಲ್ಲಿನವರೆಗೆ ಲೆಕ್ಕ ಇಡುವ ವ್ಯವಸ್ಥೆ ಬಂತು. ಕೊಲರಾಡೊದಲ್ಲಿ ಒಂದೊಂದು ಗಿಡಕ್ಕೂ ನಂಬರ್ ಇರುವ ಟ್ಯಾಗ್ ಕಟ್ಟುತ್ತಾರೆ, ಹಸುವಿನ ಕಿವಿಗೆ ಓಲೆ ಹಾಕಿದ ಹಾಗೆ. ಕೊಯ್ದಾಗ, ಒಣಗಿಸಿದಾಗ, ಪೊಟ್ಟಣ ಕಟ್ಟಿದಾಗ, ಪ್ರತಿ ಸಲವೂ ತೂಕ ಕಂಪ್ಯೂಟರ್‌ಗೆ ಹೋಗಬೇಕು. ಔಷಧಿಗೆಂದು ಕೊಳ್ಳುವ ರೋಗಿಯಾದರೆ ಅವರ ಪಾಲು ಎಷ್ಟು ಮುಗಿದಿದೆ ಎಂದೂ ನೋಡಬೇಕು. ಲೆಕ್ಕ ತಪ್ಪಿದರೆ ಲೈಸೆನ್ಸಿಗೇ ಕುತ್ತು.

ಸರ್ಕಾರದ ನಂಬಿಕೆ ಗಳಿಸಲು ಕಟ್ಟಿದ ಈ ಲೆಕ್ಕದ ಪುಸ್ತಕವೇ ಇಡೀ ಧಂದೆಯ ಜುಟ್ಟು ಅಂತ ನನಗನಿಸುತ್ತದೆ. ಅದನ್ನು ಹಿಡಿದರೆ ಎಲ್ಲರೂ ಬಗ್ಗುತ್ತಾರೆ.

ಎಂಜೆ ಫ್ರೀವೇ ಪ್ರಕರಣವನ್ನು ಸುಲಿಗೆ ಅನ್ನಲಾಗದು. ದಾಖಲೆ ಹಾಳು ಮಾಡುವುದೇ ಕನ್ನದವರ ಗುರಿಯಾಗಿತ್ತು ಎಂದು ಕಂಪನಿ ಹೇಳಿತು. ಆದರೆ ಅಸಲು ದಾಖಲೆಯ ಜೊತೆ ಬ್ಯಾಕಪ್ ಪ್ರತಿಗೂ ಹೊಡೆತ ಬಿದ್ದಿತ್ತು. ಮನೆ ಕೀಲಿಕೈಯನ್ನೂ ಅದರ ನಕಲನ್ನೂ ಒಂದೇ ಗೊಂಚಲಲ್ಲಿ ಇಟ್ಟರೆ ಇನ್ನೇನಾಗುತ್ತದೆ? ಮುಖ್ಯ ಜಾಲಕ್ಕೆ ಅಂಟದ ಒಂದು ಪ್ರತಿ ಬೇರೆ ಇರಲಿ, ಅದರಿಂದ ದಾಖಲೆ ವಾಪಸ್ ಬರುತ್ತದಾ ಅಂತ ಆಗಾಗ ನೋಡಿ ಎಂದು ಭದ್ರತೆಯವರು ಬಡಿದುಕೊಳ್ಳುವುದು ಇದಕ್ಕೇ.

ಮರುವರ್ಷ, 2018ರ ಫೆಬ್ರವರಿಯಲ್ಲಿ, ಇದೇ ಕಂಪನಿ ವಾಷಿಂಗ್ಟನ್ ರಾಜ್ಯಕ್ಕೆ ಮಾಡಿಕೊಟ್ಟಿದ್ದ ವ್ಯವಸ್ಥೆಗೆ ಕನ್ನ ಬಿತ್ತು. ಹೋದ ಮಾಹಿತಿಯಲ್ಲಿ ಮಾಲು ಸಾಗಿಸುವ ದಾರಿಗಳು, ಗಾಡಿ ನಂಬರ್‌ಗಳೂ ಇದ್ದವು. ಬ್ಯಾಂಕು, ಕಾರ್ಡು ಕಂಪನಿಗಳು ದೂರ ಇಟ್ಟಿದ್ದರಿಂದ ಈ ಧಂದೆ ಬಹುಪಾಲು ನಗದಿನಲ್ಲೇ ನಡೆಯುತ್ತಿತ್ತು. ಅಂಥ ಕಡೆ ಗಾಡಿ ಯಾವ ದಾರಿಯಲ್ಲಿ ಬರುತ್ತದೆ ಅನ್ನೋದು ಸಣ್ಣ ಗುಟ್ಟಲ್ಲ.

ಇತ್ತ ಸುಲಿಗೆಯ ಕಸುಬೂ ಬದಲಾಗುತ್ತಿತ್ತು. ಕಂಪ್ಯೂಟರಿನ ದಾಖಲೆಗಳಿಗೆ ಬೀಗ ಹಾಕಿ, ಬಿಡಿಸಲು ದುಡ್ಡು ಕೇಳುವ ರಾನ್ಸಮ್‌ವೇರ್ ಹೊಸದೇನಲ್ಲ. 1989ರಲ್ಲೇ ಜೋಸೆಫ್ ಪಾಪ್ ಎಂಬಾತ ಅಂಚೆಯಲ್ಲಿ ಫ್ಲಾಪಿ ಕಳಿಸಿ, ಕಂಪ್ಯೂಟರ್ ಕಟ್ಟಿಹಾಕಿ, ಪನಾಮಾದ ವಿಳಾಸಕ್ಕೆ 189 ಡಾಲರ್ ಕಳಿಸಿ ಅಂದಿದ್ದ. 2013ರ ಕ್ರಿಪ್ಟೋಲಾಕರ್ ಎಂಬ ರಾನ್ಸಮ್‌ವೇರ್ ಬಿಟ್‌ಕಾಯಿನ್‌ನಲ್ಲಿ ವಸೂಲಿ ಮಾಡಿತು. 2019ರ ಕೊನೆಗೆ ಮೇಜ್ ಎಂಬ ಗುಂಪು ಇನ್ನೊಂದು ಪಟ್ಟು ಹಾಕಿತು. ಬೀಗ ಹಾಕುವ ಮೊದಲು ದಾಖಲೆ ಕದ್ದುಕೊಳ್ಳುವುದು, ದುಡ್ಡು ಕೊಡದಿದ್ದರೆ ಊರಿಗೆಲ್ಲ ಹಂಚುತ್ತೇವೆ ಎಂದು ಬೆದರಿಸುವುದು. ಈ ಪಟ್ಟಿನ ಮುಂದೆ ಬ್ಯಾಕಪ್ ಇದ್ದರೂ ಅರ್ಧ ರಕ್ಷಣೆ ಮಾತ್ರ.

ಕೆನಡಾದಲ್ಲಿ ಕೇಂದ್ರದ ಕಾನೂನೇ ಗಾಂಜಾಕ್ಕೆ ಒಪ್ಪಿಗೆ ಕೊಟ್ಟಿದ್ದು 2018ರ ಅಕ್ಟೋಬರ್ 17ಕ್ಕೆ. ಅಲ್ಲೂ ಎಡವಿದ್ದು ಒಂಟಿ ಕಂಬದ ಮೇಲಿನ ಭಾರದಿಂದಲೇ. ಒಂಟಾರಿಯೊ ಪ್ರಾಂತ್ಯದಲ್ಲಿ ಗಾಂಜಾದ ಸಗಟು ಮಾರಾಟವೆಲ್ಲ ಸರ್ಕಾರಿ ಸಂಸ್ಥೆಯೊಂದರ ಕೈಯಲ್ಲಿದೆ. ಅದರ ಗೋದಾಮು ನಡೆಸುತ್ತಿದ್ದದ್ದು ಡೊಮೇನ್ ಲಾಜಿಸ್ಟಿಕ್ಸ್ ಎಂಬ ಕಂಪನಿ. 2022ರ ಆಗಸ್ಟ್ 5ರಂದು ಡೊಮೇನ್‌ನ ಮಾತೃಸಂಸ್ಥೆಯ ಮೇಲೆ ಸೈಬರ್ ದಾಳಿ ನಡೆಯಿತು. ಮುನ್ನೆಚ್ಚರಿಕೆ ಅಂತ ಸಾಗಣೆ ನಿಲ್ಲಿಸಿದರು. 1,300ಕ್ಕೂ ಹೆಚ್ಚು ಅಂಗಡಿಗಳಿಗೆ ಮಾಲು ಬರುವ ದಾರಿಯೇ ಬಂದ್. ಅವರ್ಯಾರ ಕಂಪ್ಯೂಟರೂ ಕೆಟ್ಟಿರಲಿಲ್ಲ. ಬೇರೆಯವರಿಂದ ಕೊಳ್ಳೋಣ ಅಂದರೆ ಕಾನೂನು ಬಿಡುವುದಿಲ್ಲ.

ಎಲ್ಲಕ್ಕಿಂತ ನೋವಿನ ಪ್ರಕರಣ ಕ್ಯಾಲಿಫೋರ್ನಿಯಾದ ಸ್ಟೀಝಿ ಎಂಬ ಗಾಂಜಾ ಕಂಪನಿಯದು. 2024ರ ಅಕ್ಟೋಬರ್ 10ರಿಂದ ನವೆಂಬರ್ 10ರವರೆಗೆ, ಅವರ ಬಿಲ್ಲಿಂಗ್ ವ್ಯವಸ್ಥೆ ನೋಡಿಕೊಳ್ಳುವ ಹೊರಗಿನ ಕಂಪನಿಯ ಮೂಲಕ ಕಳ್ಳರು ಕೈಯಾಡಿಸಿದರು. ಎವರೆಸ್ಟ್ ಎಂಬ ಸುಲಿಗೆ ಗುಂಪು ಇದು ನಮ್ಮದೇ ಕೆಲಸ ಅಂದಿತು. ಸುಮಾರು 3,80,000 ಜನರ ಮಾಹಿತಿಗೆ ಧಕ್ಕೆಯಾಯಿತು. ಅದರಲ್ಲಿ ಡ್ರೈವಿಂಗ್ ಲೈಸೆನ್ಸ್, ಫೋಟೋ, ಸಹಿ, ರೋಗಿಯ ಕಾರ್ಡು, ಏನು ಕೊಂಡರು ಎಂಬ ವಿವರ ಎಲ್ಲವೂ ಸೇರಿತ್ತು. ಪಾಸ್‌ವರ್ಡ್ ಆದರೆ ಬದಲಿಸಬಹುದು. ಹುಟ್ಟಿದ ತಾರೀಖು ಬದಲಿಸೋಕಾಗುತ್ತಾ? ಅಮೆರಿಕದ ಕೇಂದ್ರ ಸರ್ಕಾರದ ನೌಕರರಿಗೆ ಮಾದಕವಸ್ತು ನಿಷಿದ್ಧ ಎಂಬ ಆದೇಶ 1986ರದು. ಅಂಥವರೊಬ್ಬರ ಹೆಸರು ಆ ಪಟ್ಟಿಯಲ್ಲಿದ್ದರೆ ಕೆಲಸಕ್ಕೇ ಸಂಚಕಾರ.

ಎರಡು ಹಂತದ ಲಾಗಿನ್, ಬೇರೆ ಇಟ್ಟ ಬ್ಯಾಕಪ್, ಹೊರಗಿನ ಕಂಪನಿಯ ಜೊತೆ ಬಿಗಿಯಾದ ಕರಾರು, ಎಲ್ಲವೂ ಬೇಕು. ಆದರೆ ಅಂಗಡಿಯವರು ತಾವೇ ಮಾಡಬಹುದಾದ ಕೆಲಸ ಇನ್ನೊಂದಿದೆ. ಗಿರಾಕಿ ಗುರುತಿನ ಕಾರ್ಡು ಚಾಚುತ್ತಾನೆ. 21 ತುಂಬಿದೆಯಾ ಅಂತ ನೋಡಿ ವಾಪಸ್ ಕೊಟ್ಟರೆ ಅಲ್ಲಿಗೆ ಮುಗಿಯಿತು. ಸ್ಕ್ಯಾನ್ ಮಾಡಿ ಚಿತ್ರ ಉಳಿಸಿಕೊಂಡರೆ ಮುಂದೊಂದು ದಿನ ಕದಿಯಲು ಏನೋ ಇರುತ್ತದೆ. ತಮಾಷೆ ಅಂದರೆ, ಮದ್ಯದಂಗಡಿಯ ವ್ಯವಹಾರದಲ್ಲಿ ಸಾಮಾನ್ಯವಾಗಿ ಪಡೆಯುವುದಕ್ಕಿಂತ ಹೆಚ್ಚಿನ ಮಾಹಿತಿ ಬರೆದಿಡುವಂತೆ ಗಾಂಜಾ ಅಂಗಡಿಗಳನ್ನು ಒತ್ತಾಯಿಸಬಾರದು ಎಂದು ಕೊಲರಾಡೊದ ಜನ 2012ರ ತಿದ್ದುಪಡಿಯಲ್ಲೇ ಬರೆದಿಟ್ಟಿದ್ದರು.